ಪ್ಲೇಟಿನಲ್ಲಿ ಬಣ್ಣ ಬಂತು, ಸಂಕೀರ್ಣ ಬಂತೇ?

ಪ್ರಶ್ನೆ: 96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ಸ್ಯಾಲಿಸಿಲಾಲ್ಡಿಹೈಡ್‌ಗಳು, ಅಮೀನ್‌ಗಳು, ತಾಮ್ರದ ಲವಣ ಬೆರೆಸಿ ಒಂದೇ ಸಲಕ್ಕೆ ಹತ್ತಾರು ಷಿಫ್ ಬೇಸ್ ಸಂಕೀರ್ಣ (ಆಲ್ಡಿಹೈಡ್, ಅಮೀನ್ ಕೂಡಿ ಆದ ಅಣು ಲೋಹವನ್ನು ಹಿಡಿದ ಸಂಯುಕ್ತ) ತಯಾರಿಸಬಹುದಂತೆ. ಶುದ್ಧೀಕರಿಸದೆ ನೇರ ಪರೀಕ್ಷೆಗೆ ಹಾಕಿದರೆ ಫಲಿತಾಂಶ ನಂಬಬಹುದೇ?

ಉತ್ತರ: ಕಂಟ್ರೋಲ್ ವೆಲ್‌ಗಳು (ಯಾವುದೋ ಒಂದು ಪದಾರ್ಥ ಬಿಟ್ಟು, ಹೋಲಿಕೆಗೆಂದು ಇಟ್ಟವು) ಸರಿಯಾಗಿದ್ದರೆ, ಒಂದು ಮಟ್ಟಿಗೆ ನಂಬಬಹುದು. 8 ಸಾಲು, 12 ಕಾಲಂ ಇವೆಯಲ್ಲ ಎಂದು 96 ಜೋಡಿಗಳನ್ನೂ ತುಂಬಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಮಾಡಬೇಡಿ. 7 ಆಲ್ಡಿಹೈಡ್, 11 ಅಮೀನ್ ಸಾಕು. ಕೊನೆಯ ಸಾಲಿಗೆ ಆಲ್ಡಿಹೈಡ್ ಹಾಕಬೇಡಿ, ಕೊನೆಯ ಕಾಲಂಗೆ ಅಮೀನ್ ಹಾಕಬೇಡಿ. ಎರಡೂ ಸೇರುವ ಮೂಲೆಯಲ್ಲಿ ತಾಮ್ರ ಮಾತ್ರ ಇರಲಿ. ಸಿಗುವುದು 77 ಜೋಡಿಗಳೇ, ಆದರೆ ಅವುಗಳ ಬಗ್ಗೆ ಏನಾದರೂ ಹೇಳಲು ಬರುತ್ತದೆ.

ಕಾರಣ ಇಷ್ಟು. ಸ್ಯಾಲಿಸಿಲಾಲ್ಡಿಹೈಡ್ ಅಮೀನ್‌ನ ನೆರವಿಲ್ಲದೆ ತಾನೇ ತಾಮ್ರವನ್ನು ಹಿಡಿದು ಹಸಿರು ಸಂಕೀರ್ಣ ಕೊಡುತ್ತದೆ. ಹಲವು ಅಮೀನ್‌ಗಳು ತಾಮ್ರದೊಂದಿಗೆ ನೀಲಿಯಾಗುತ್ತವೆ. ಲೋಹವೇ ಇಲ್ಲದಿದ್ದರೂ ಇಮೀನ್ (ಅಂದರೆ ಷಿಫ್ ಬೇಸ್) ಸಾಮಾನ್ಯವಾಗಿ ಹಳದಿ. ಹಳದಿಗೆ ನೀಲಿ ಬೆರೆತರೂ ಹಸಿರೇ! ಬಣ್ಣವೊಂದನ್ನೇ ನಂಬಿದರೆ ಮೋಸ ಹೋಗುವುದು ಇಲ್ಲಿಯೇ. ಹಾಗಾಗಿ ತಾಮ್ರವಿಲ್ಲದ ಇಂಥದೇ ಎರಡನೇ ಪ್ಲೇಟ್ ಒಂದನ್ನೂ ಜೊತೆಗೇ ಮಾಡಿಕೊಳ್ಳಿ.

ಅಳತೆ: ಎಲ್ಲ ದ್ರಾವಣಗಳೂ ಮೆಥನಾಲ್‌ನಲ್ಲಿ 10 ಮಿಲಿಮೋಲಾರ್. ತಾಮ್ರದ ಅಸಿಟೇಟ್ ಮೊನೊಹೈಡ್ರೇಟ್ ಆದರೆ 10 ಮಿಲಿಲೀಟರಿಗೆ 20 ಮಿಲಿಗ್ರಾಂ. ಪ್ರತಿ ವೆಲ್‌ಗೆ ಆಲ್ಡಿಹೈಡ್ 50, ಅಮೀನ್ 50 ಮೈಕ್ರೊಲೀಟರ್ ಹಾಕಿ, ಇಮೀನ್ ಆಗಲು ಸಮಯ ಕೊಟ್ಟು, ಆಮೇಲೆ ತಾಮ್ರ 25 ಮೈಕ್ರೊಲೀಟರ್. ಎರಡು ಲಿಗ್ಯಾಂಡ್‌ಗೆ (ಲೋಹವನ್ನು ಹಿಡಿಯುವ ಅಣು, ಇಲ್ಲಿ ಇಮೀನ್) ಒಂದು ಲೋಹ ಎಂಬ ಪ್ರಮಾಣ ಇದು. ಫೀನಾಲಿನ ಪ್ರೋಟಾನನ್ನು ಅಸಿಟೇಟೇ ಎತ್ತಿಕೊಳ್ಳುವುದರಿಂದ ಬೇರೆ ಪ್ರತ್ಯಾಮ್ಲ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಒಟ್ಟು 200 ಮೈಕ್ರೊಲೀಟರಿಗೆ ಏರಿಸಿದರೆ ಸಂಕೀರ್ಣದ ಗರಿಷ್ಠ ಸಾಂದ್ರತೆ 1.25 ಮಿಲಿಮೋಲಾರ್.

ಮುಚ್ಚಳ ಬಿಗಿಯಾಗಿರಲಿ, ಅಂಚಿನ ವೆಲ್‌ಗಳಲ್ಲಿ ಮೆಥನಾಲ್ ಬೇಗ ಆರಿ, ಸಾಂದ್ರತೆ ಏರಿ, ಸುಳ್ಳು ಫಲಿತಾಂಶ ಬರುತ್ತದೆ. ಪ್ಲೇಟ್ ಪಾಲಿಪ್ರೊಪಿಲೀನ್‌ನದಾಗಿರಲಿ, ಮೆಥನಾಲ್ ಬದಲು ಡಿಎಂಎಫ್ ಎಂಬ ದ್ರಾವಕ ಬಳಸಿದರೆ ಅದು ಪಾಲಿಸ್ಟೈರೀನನ್ನು ತಿನ್ನುತ್ತದೆ. ಪರ್ಕ್ಲೋರೇಟ್ ಲವಣಗಳ ಸುದ್ದಿಗೇ ಹೋಗಬೇಡಿ: ಸಾವಯವ ಲಿಗ್ಯಾಂಡ್ ಜೊತೆ ಒಣಗಿದಾಗ ಸಿಡಿಯಬಹುದು.

ಇನ್ನು ಲೋಹದ ಸ್ವಭಾವ. ತಾಮ್ರ(II) ತನ್ನ ಸುತ್ತಲಿನ ನೀರಿನ ಅಣುಗಳನ್ನು ಸೆಕೆಂಡಿಗೆ ನೂರಾರು ಕೋಟಿ ಸಲ ಬದಲಿಸಿಕೊಳ್ಳುತ್ತದೆ. ಅಂಥ ಲೋಹದ ವೆಲ್‌ನಲ್ಲಿರುವುದು ಒಂದು ಸಂಯುಕ್ತವಲ್ಲ, ಒಂದು ಸಮತೋಲನ. ಜೀವಕೋಶದ ಪರೀಕ್ಷೆಗೆಂದು ನೀರಿಗೆ ದುರ್ಬಲಗೊಳಿಸಿದ ಕೂಡಲೇ ಇಮೀನ್ ಜಲವಿಭಜನೆ ಆಗಬಹುದು, ಕೋಶಗಳನ್ನು ಬೆಳೆಸುವ ಮಾಧ್ಯಮದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ ತಾಮ್ರವನ್ನು ಕಸಿದುಕೊಳ್ಳಬಹುದು. ಕೋಶಗಳು ಸತ್ತರೆ ಕೊಂದದ್ದು ಬರೀ ತಾಮ್ರವೇ ಇರಬಹುದು. ಮೂಲೆಯ ವೆಲ್ ಉಪಯೋಗಕ್ಕೆ ಬರುವುದು ಆಗ. ಇರಿಡಿಯಂ(III)ನಂಥ ಜಡ (ಲಿಗ್ಯಾಂಡ್‌ಗಳನ್ನು ನಿಧಾನವಾಗಿ ಬದಲಿಸುವ) ಲೋಹಗಳ ಸಂಕೀರ್ಣಗಳು ಒಮ್ಮೆ ಆದಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ, ಆದರೆ ಅವುಗಳನ್ನು ಮಾಡಲು ಬಿಸಿ ಬೇಕು, ಸಮಯ ಬೇಕು. ಪ್ಲಾಟಿನಂನ ಕ್ಲೋರೈಡ್ ಸಂಕೀರ್ಣಗಳಿಗೆ ಡಿಎಂಎಸ್‌ಒ ಎಂಬ ದ್ರಾವಕ ಬಳಸಿದರೆ ಆ ದ್ರಾವಕವೇ ಕ್ಲೋರೈಡನ್ನು ತಳ್ಳಿ ಒಳಗೆ ಕೂರುತ್ತದೆ.

ಮಾಸ್ ಸ್ಪೆಕ್ಟ್ರಂನಲ್ಲಿ (ಅಣುಗಳನ್ನು ತೂಕದ ಪ್ರಕಾರ ತೋರಿಸುವ ನಕ್ಷೆ) ತಾಮ್ರದ ಗುರುತು ಎರಡು ಏಕಮಾನಗಳ ಅಂತರದ ಜೋಡಿ ಶಿಖರ, ಸುಮಾರು 69ಕ್ಕೆ 31. ಅದು ಕಂಡರೆ ಸಂಕೀರ್ಣ ಇದೆ ಎಂದಾಯಿತು, ಎಷ್ಟಿದೆ ಎಂದಲ್ಲ. ಚಟುವಟಿಕೆ ತೋರಿದ ವೆಲ್‌ಗಳ ಸಂಕೀರ್ಣಗಳನ್ನು ಫ್ಲಾಸ್ಕ್‌ನಲ್ಲಿ 50 ಮಿಲಿಗ್ರಾಂನಷ್ಟು ಹೊಸದಾಗಿ ತಯಾರಿಸಿ, ಹರಳುಗಟ್ಟಿಸಿ, ಧಾತು ವಿಶ್ಲೇಷಣೆ ಮಾಡಿಸಿ, ಅದೇ ಪರೀಕ್ಷೆಗೆ ಮತ್ತೆ ಹಾಕಿ. ಶುದ್ಧ ಪುಡಿಗೂ ಅದೇ ಚಟುವಟಿಕೆ ಬಂದಮೇಲಷ್ಟೇ ಅದಕ್ಕೊಂದು ಸೂತ್ರ ಬರೆಯಿರಿ.