ಔಷಧಿ ಚೀಟಿಯಲ್ಲೊಂದು ಆ್ಯಪ್

ಹೆರಾಯಿನ್, ಫೆಂಟನಿಲ್ ಅಥವಾ ನೋವಿನ ಮಾತ್ರೆಗಳ ಚಟಕ್ಕೆ ಸಿಕ್ಕವರು ಅದನ್ನು ಬಿಡುವಾಗ ಅನುಭವಿಸುವ ಮೈಕೈ ನೋವು, ಬೆವರು, ವಾಂತಿ, ಭೇದಿಗಳು ಸಾಮಾನ್ಯವಾಗಿ ವಾರ ಹತ್ತು ದಿನಗಳಲ್ಲಿ ಇಳಿಯುತ್ತವೆ. ಹೆಚ್ಚು ಕಷ್ಟದ ಕಾಲ ಆಮೇಲಿನದು. ಎಲ್ಲ ಸರಿಹೋಯಿತೆಂದು ಮನೆಯವರು ನಿಟ್ಟುಸಿರು ಬಿಟ್ಟ ಮೂರನೆಯ ತಿಂಗಳಲ್ಲಿ, ಸಂಬಳ ಕೈಸೇರಿದ ಸಂಜೆ, ಹಳೆಯ ಗೆಳೆಯನ ನಂಬರು ಮೊಬೈಲಿನಲ್ಲಿ ಕಂಡರೆ ಸಾಕು, ಮಿದುಳಿನಲ್ಲಿ ಅಚ್ಚೊತ್ತಿ ಕುಳಿತ ನೆನಪು ಹೊತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಕ್ಲಿನಿಕ್ಕಿನ ಬಾಗಿಲು ಹಾಕಿರುತ್ತದೆ. ಇಷ್ಟು ದಿನ ಸೇವನೆ ನಿಂತಿದ್ದರಿಂದ ದೇಹದ ತಾಳಿಕೆಯೂ ಕುಗ್ಗಿರುತ್ತದೆ. ಹಿಂದೆ ಅರಗಿಸಿಕೊಳ್ಳುತ್ತಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸಬಹುದು.

ಹೀಗಾಗಿ ಚೇತರಿಕೆಯ ಬುಡದಲ್ಲಿರುವುದು ಔಷಧಿ. ಬುಪ್ರೆನಾರ್ಫಿನ್ ಎಂಬ ಔಷಧಿ, ಹೆರಾಯಿನ್‌ನಂಥವು ಹೋಗಿ ಅಂಟಿಕೊಳ್ಳುವ ಮಿದುಳಿನ ಅದೇ ಗ್ರಾಹಕಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆಯಾದರೂ ಅವುಗಳನ್ನು ಅರೆಬರೆಯಾಗಿ ಮಾತ್ರ ಕೆರಳಿಸುತ್ತದೆ. ಒಂದು ಮಿತಿಯ ಆಚೆಗೆ ಪ್ರಮಾಣ ಹೆಚ್ಚಿಸಿದರೂ ಅಮಲು ಏರುವುದಿಲ್ಲ, ಹಂಬಲ ಮಾತ್ರ ತಣಿಯುತ್ತದೆ. ಅದನ್ನು ನಾಲಿಗೆಯಡಿ ಇಟ್ಟುಕೊಂಡು, ನುಂಗದೆ, ಮಾತಾಡದೆ, ಕರಗುವವರೆಗೆ ಕೆಲವು ನಿಮಿಷ ಕಾಯಬೇಕು. ಈ ಕಾಯುವಿಕೆ ದಿನಕ್ಕೆ ಕೆಲವೇ ನಿಮಿಷಗಳದು. ಉಳಿದ ಗಂಟೆಗಳಲ್ಲಿ ಮನಸ್ಸನ್ನು ಹಿಡಿದಿಡುವವರು ಯಾರು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಸಿಕ್ಕ ಉತ್ತರಗಳಲ್ಲೊಂದು ಮೊಬೈಲ್ ಆ್ಯಪ್.

ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರಿನಲ್ಲಿ ‘ರಿಸೆಟ್-ಓ’ ಎಂಬ ಆ್ಯಪ್‌ಗೆ ಒಪ್ಪಿಗೆ ಕೊಟ್ಟಿತು. ವೈದ್ಯರು ಚೀಟಿ ಬರೆದರೆ ಮಾತ್ರ ಸಿಗುತ್ತಿದ್ದ ಈ ಆ್ಯಪ್ ಬುಪ್ರೆನಾರ್ಫಿನ್ ಚಿಕಿತ್ಸೆಗೆ ಜೊತೆಯಾಗಿತ್ತೇ ಹೊರತು ಬದಲಿಯಾಗಿರಲಿಲ್ಲ. ಹಂಬಲ ಏಳುವ ಸಂದರ್ಭಗಳನ್ನು ಗುರುತಿಸುವುದು ಹೇಗೆ, ‘ಒಂದೇ ಸಲ’ ಎನ್ನುವವನಿಗೆ ಏನು ಹೇಳಿ ಜಾರಿಕೊಳ್ಳುವುದು ಎಂಬಂಥ ಚಿಕ್ಕ ಪಾಠಗಳು, ಪಾಠದ ಕೊನೆಗೆ ಕಲಿತದ್ದನ್ನು ಪರೀಕ್ಷಿಸುವ ಪ್ರಶ್ನೆಗಳು, ಸಾಧಿಸಿದ್ದಕ್ಕೆ ಸಣ್ಣಪುಟ್ಟ ಬಹುಮಾನಗಳು ಅದರಲ್ಲಿದ್ದವು. ಬಹುಮಾನದ ಮಾತು ಕೇಳಿ ನಗು ಬರಬಹುದು. ಆದರೆ ತಕ್ಷಣದ ಸುಖಕ್ಕೆ ಒಗ್ಗಿಹೋದ ಮಿದುಳಿಗೆ ಎಂದೋ ಬರಲಿರುವ ಒಳ್ಳೆಯ ದಿನಕ್ಕಿಂತ ಇವತ್ತೇ ಕೈಗೆ ಸಿಗುವ ಚಿಕ್ಕ ಲಾಭ ಹೆಚ್ಚು ನಾಟುತ್ತದೆ ಎಂಬುದನ್ನು ವ್ಯಸನ ವಿಜ್ಞಾನ ದಶಕಗಳಿಂದ ತೋರಿಸುತ್ತ ಬಂದಿದೆ.

ಫಲವೇನು? ಎಫ್‌ಡಿಎ ಆಧಾರವಾಗಿಟ್ಟುಕೊಂಡದ್ದು 170 ರೋಗಿಗಳ ಮೇಲೆ 12 ವಾರ ನಡೆದ ಪ್ರಯೋಗವನ್ನು. ಇದರ ಕಂಪ್ಯೂಟರ್ ರೂಪವನ್ನು ಬಳಸಿದವರಲ್ಲಿ ಶೇ. 82.4ರಷ್ಟು ಜನ ಚಿಕಿತ್ಸೆಯಲ್ಲಿ ಕೊನೆಯವರೆಗೆ ಉಳಿದರು. ಬಳಸದವರಲ್ಲಿ ಉಳಿದವರು ಶೇ. 68.4. ಮಾದಕವಸ್ತು ಸೇವನೆ ಮಾತ್ರ ಇದರಿಂದ ಕಡಿಮೆಯಾಯಿತೆಂದು ಕಂಡುಬರಲಿಲ್ಲ, ಮತ್ತು ಎಫ್‌ಡಿಎ ಅದನ್ನು ಮುಚ್ಚಿಡಲಿಲ್ಲ. ಇದನ್ನು ಸೋಲೆಂದು ನಾನು ಓದುವುದಿಲ್ಲ. ಬುಪ್ರೆನಾರ್ಫಿನ್ ನಿಲ್ಲಿಸಿದವರಲ್ಲಿ ಸಾವಿನ ಅಪಾಯ ಏರುವುದರಿಂದ, ರೋಗಿ ಚಿಕಿತ್ಸೆಯನ್ನು ಬಿಟ್ಟುಹೋಗದಂತೆ ಹಿಡಿದಿಡುವುದೇ ಸಣ್ಣ ಕೆಲಸವಲ್ಲ. ಕಂಪನಿಯ ಲೆಕ್ಕಾಚಾರ ಬೇರೆಯೇ ಆಯಿತು: ವಿಮೆಯವರು ನಿರೀಕ್ಷಿಸಿದಷ್ಟು ಹಣ ಕೊಡಲಿಲ್ಲ, ಆ್ಯಪ್ ತಯಾರಿಸಿದ ಪೇರ್ ಥೆರಪ್ಯೂಟಿಕ್ಸ್ 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಆ್ಯಪ್ ಒಂಟಿ ಕಲಿಕೆ. ಚಟ ಬಿಡುತ್ತಿರುವವರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಸಭೆಗಳ ರೀತಿ ಬೇರೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಚರ್ಚುಗಳ ನೆಲಮಾಳಿಗೆಗಳಿಗೆ ಬೀಗ ಬಿದ್ದಾಗ ನಾರ್ಕೋಟಿಕ್ಸ್ ಅನಾನಿಮಸ್, ಸ್ಮಾರ್ಟ್ ರಿಕವರಿ ಮುಂತಾದವರ ಕೂಟಗಳು ವೀಡಿಯೊ ಕರೆಗಳಿಗೆ ಬಂದವು. ಮನೆಯಲ್ಲಿ ಏಕಾಂತವಿಲ್ಲದವನು ನಿಲ್ಲಿಸಿದ ಕಾರಿನಲ್ಲಿ ಕುಳಿತು, ಕ್ಯಾಮೆರಾ ಆರಿಸಿ, ಮೊದಲ ಹೆಸರನ್ನಷ್ಟೇ ತೋರಿಸಿ, ಒಂದು ಗಂಟೆ ಬರಿದೇ ಕೇಳಿಸಿಕೊಂಡು ಹೋಗಬಹುದು. ಬುಪ್ರೆನಾರ್ಫಿನ್ ತೆಗೆದುಕೊಳ್ಳುವವನನ್ನು ಪೂರ್ತಿ ಚಟ ಬಿಟ್ಟವನೆಂದು ಒಪ್ಪದ ಕೆಲವು ಗುಂಪುಗಳೂ ಇವೆ, ಅಲ್ಲಿ ಮುಜುಗರಪಟ್ಟು ಔಷಧಿಯನ್ನೇ ಬಿಟ್ಟರೆ ಜೀವಕ್ಕೆ ಕುತ್ತು. ಒಂದೇ ಕೂಟವಿರುವ ಊರಿನಲ್ಲಿ ಇದಕ್ಕೆ ಉಪಾಯವಿಲ್ಲ. ಪರದೆಯಲ್ಲಾದರೆ ಔಷಧಿಯನ್ನು ಒಪ್ಪುವ ಇನ್ನೊಂದು ಕೂಟಕ್ಕೆ ಹೋಗಬಹುದು. ಗುಟ್ಟು ಉಳಿಯುವುದೇ ಎಂಬ ಅಂಜಿಕೆ ಮಾತ್ರ ನ್ಯಾಯವಾದದ್ದೇ. ಕುಡಿತದ ಚಟಕ್ಕೆ ಆನ್‌ಲೈನ್ ಚಿಕಿತ್ಸೆ ಕೊಡುತ್ತಿದ್ದ ಕಂಪನಿಯೊಂದು ರೋಗಿಗಳ ವಿವರಗಳನ್ನು ಜಾಹೀರಾತು ಜಾಲಗಳಿಗೆ ದಾಟಿಸಿತೆಂದು ಅಮೆರಿಕದ ವಾಣಿಜ್ಯ ಆಯೋಗ 2024ರಲ್ಲಿ ಕ್ರಮ ಕೈಗೊಂಡಿತು.

ಅದೇ 2020ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಭಾರತ ಬೇರೆ ಬೇರೆ ದಾರಿ ಹಿಡಿದವು. ರೋಗಿಯನ್ನು ಮುಖತಃ ನೋಡದೆಯೂ ಬುಪ್ರೆನಾರ್ಫಿನ್ ಬರೆದುಕೊಡಲು ಅಲ್ಲಿ ಅವಕಾಶವಾಯಿತು. ನಮ್ಮ ಟೆಲಿಮೆಡಿಸಿನ್ ನಿಯಮಾವಳಿ, ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಔಷಧಿಗಳನ್ನು ನಿಷೇಧಿತ ಪಟ್ಟಿಯಲ್ಲಿಟ್ಟಿತು, ಬುಪ್ರೆನಾರ್ಫಿನ್ ಅವುಗಳಲ್ಲೊಂದು. ದೇಶದಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್‌ಗಳನ್ನು, ಅಂದರೆ ಅಫೀಮು, ಹೆರಾಯಿನ್ ಬಗೆಯ ವಸ್ತುಗಳನ್ನು, ಬಳಸುತ್ತಾರೆಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜಿಸಿತ್ತು. ಅವರಿಗೆ ಫೋನಿನಲ್ಲಿ ಸಿಗುವುದು ಮಾತು: ವ್ಯಸನಮುಕ್ತಿ ಸಹಾಯವಾಣಿ 14446, ಮತ್ತು 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಕನ್ನಡದಲ್ಲೂ ಉತ್ತರಿಸುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಈ ಕೊರತೆಯ ನಡುವೆ ಬೆಂಗಳೂರಿನ ನಿಮ್ಹಾನ್ಸ್ ಹಿಡಿದಿರುವ ದಾರಿಯಲ್ಲಿ ಪರದೆಯ ಮುಂದೆ ಕೂರುವವನು ರೋಗಿಯಲ್ಲ, ದೂರದ ಊರಿನ ವೈದ್ಯ. ಅವರು ಹೆಸರು ಮರೆಮಾಡಿ ತಮ್ಮ ರೋಗಿಯ ಸ್ಥಿತಿಯನ್ನು ವೀಡಿಯೊ ತರಗತಿಯಲ್ಲಿ ವಿವರಿಸುತ್ತಾರೆ, ತಜ್ಞರೂ ಬೇರೆ ಊರುಗಳ ವೈದ್ಯರೂ ಕೂಡಿ ಚರ್ಚಿಸುತ್ತಾರೆ, ಚೀಟಿ ಬರೆಯುವ ಕೆಲಸ ರೋಗಿಯ ಎದುರಿಗೇ, ಅವನ ಊರಿನ ಹತ್ತಿರವೇ ನಡೆಯುತ್ತದೆ.