ಬೆಲ್ಟ್ ಏರು ಹತ್ತುತ್ತದೆ, ಅಲಗಿನ ತುದಿ ನೀಲಿಯಾಗುತ್ತದೆ

ಪೆಟ್ಟಿಗೆ ಬಿಚ್ಚಿದರೆ ಒಳಗಿದ್ದದ್ದು ಇಷ್ಟೇ: ಅಳತೆಗೆ ಕತ್ತರಿಸಿದ ಉಕ್ಕಿನ ಪ್ಲೇಟುಗಳು, ನಾಲ್ಕು ಗಾಲಿ, ಒಂದು ಸ್ಪ್ರಿಂಗ್, ಚೀಲದ ತುಂಬ ನಟ್ಟು ಬೋಲ್ಟು. ಮೋಟಾರ್ ಬೇರೆ ತಂದುಕೊಳ್ಳಬೇಕು. ಮನೆಯಲ್ಲೇ ಚಾಕು ಮಾಡುವವರು ಇಷ್ಟಪಡುವ ಬೆಲ್ಟ್ ಗ್ರೈಂಡರ್ ಇದು. ಸಾಣೆಕಲ್ಲಿನ ಬದಲು ಇಲ್ಲಿ 2 ಇಂಚು ಅಗಲದ, 72 ಇಂಚು ಸುತ್ತಳತೆಯ ಉಜ್ಜುಪಟ್ಟಿ ಗಾಲಿಗಳ ಮೇಲೆ ಓಡುತ್ತದೆ.

ಜೋಡಿಸುವುದೇನೂ ಕಷ್ಟವಾಗಲಿಲ್ಲ. ಸ್ವಿಚ್ ಹಾಕಿದೆ ನೋಡಿ, ಎರಡೇ ಸೆಕೆಂಡಿಗೆ ಬೆಲ್ಟ್ ಪಕ್ಕಕ್ಕೆ ಜಾರಿ ಪಟಾರನೆ ಗೋಡೆಗೆ ಬಡಿಯಿತು. ಬಿಚ್ಚಿ ನೋಡಿದರೆ ಒಂದು ಗಾಲಿಯ ಹಿಂದೆ ವಾಷರ್ ಹಾಕುವುದನ್ನೇ ಮರೆತಿದ್ದೆ. ಗಾಲಿಗಳೆಲ್ಲ ಒಂದೇ ಸಾಲಿನಲ್ಲಿ ಇರಲಿಲ್ಲ.

ವಾಷರ್ ಹಾಕಿದ ಮೇಲೆ ಬೇರೆಯದೇ ಪ್ರಶ್ನೆ ಹುಟ್ಟಿತು. ಗಾಲಿಗಳ ಅಂಚಿಗೆ ತಡೆಗೋಡೆ ಇಲ್ಲ. ಹಾಗಾದರೆ ಬೆಲ್ಟ್ ಬೀಳದೆ ನಿಲ್ಲುವುದು ಹೇಗೆ? ಗುಟ್ಟು ಮೇಲಿನ ಗಾಲಿಯಲ್ಲಿದೆ. ಸ್ಕೇಲ್ ಇಟ್ಟು ನೋಡಿದರೆ ಅದರ ನಡು ಒಂದಿಷ್ಟೇ ಉಬ್ಬಿರುವುದು ಕಾಣುತ್ತದೆ. ಉಬ್ಬಿದ್ದರೆ ಬೆಲ್ಟ್ ಇಳಿಜಾರಿಗೆ ಜಾರಬೇಕಲ್ವಾ? ಜಾರುವುದಿಲ್ಲ, ಏರು ಹತ್ತುತ್ತದೆ! ಬಾಯಿ ಅಗಲ, ತಳ ಕಿರಿದಾದ ಲೋಟಕ್ಕೆ ಕಾಗದದ ಪಟ್ಟಿಯೊಂದನ್ನು ಸುಕ್ಕಿಲ್ಲದಂತೆ ಸುತ್ತಿ ನೋಡಿ. ಪಟ್ಟಿಯ ತುದಿಗಳು ತಾವಾಗಿಯೇ ಅಗಲದ ಬಾಯಿಯ ಕಡೆ ಸರಿಯುತ್ತವೆ. ಇಲ್ಲೂ ಅದೇ ಕತೆ. ಬೆಲ್ಟ್ ಒಂದು ಪಕ್ಕದ ಇಳಿಜಾರಿಗೆ ಬಂದರೆ, ಮುಂದೆ ಬರುವ ಭಾಗ ದಪ್ಪದ ಕಡೆಗೆ ವಾಲಿಕೊಂಡು ಗಾಲಿ ಮುಟ್ಟುತ್ತದೆ. ಸುತ್ತು ಸುತ್ತಿಗೂ ಕೊಂಚ ಕೊಂಚ ಮೇಲೇರುತ್ತದೆ. ಉಬ್ಬಿನ ನೆತ್ತಿಗೆ ಬಂದಾಗ ಎರಡೂ ಕಡೆಯ ಎಳೆತ ಸಮವಾಗಿ ಅಲ್ಲೇ ನಿಲ್ಲುತ್ತದೆ. ಆ ಗಾಲಿಯನ್ನು ವಾಲಿಸಲು ಒಂದು ಸ್ಕ್ರೂ ಇರುತ್ತದೆ. ಅದನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಬೆಲ್ಟ್ ಹೇಳಿದ ಮಾತು ಕೇಳುತ್ತದೆ.

ಇನ್ನು ವೇಗ. 4 ಇಂಚಿನ ಗಾಲಿ ನಿಮಿಷಕ್ಕೆ 2,880 ಸುತ್ತು ತಿರುಗಿದರೆ ಬೆಲ್ಟ್ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಅಂದರೆ ಇಡೀ ಬೆಲ್ಟ್ ಒಂದು ಸೆಕೆಂಡಿನಲ್ಲಿ ಎಂಟು ಸಲ ಅಲಗನ್ನು ಉಜ್ಜಿ ಹೋಗುತ್ತದೆ. ಅದಕ್ಕೇ ಗ್ಲೌಸ್ ಹಾಕಿಕೊಂಡು ಇದರ ಹತ್ತಿರ ಹೋಗಬಾರದು ಅನ್ನುತ್ತಾರೆ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕನ್ನಡಕ, ಧೂಳು ತಡೆಯುವ ಮಾಸ್ಕ್ ಮಾತ್ರ ಬೇಕೇ ಬೇಕು. ಮರದ ಪುಡಿ ಬಿದ್ದಿರುವ ಕಡೆ ಕಿಡಿ ಹಾರಿಸಬೇಡಿ.

ಮೋಟಾರ್ ಹಾಕುವ ಶಕ್ತಿ ಕೊನೆಗೆ ಬಹುಪಾಲು ಬಿಸಿಯಾಗುತ್ತದೆ. ಒಂದು ಗ್ರಾಂ ಉಕ್ಕನ್ನು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು 100 ಜೂಲ್ ಸಾಕು. 1,500 ವಾಟ್ ಮೋಟಾರಿನ ಹತ್ತರಲ್ಲೊಂದು ಪಾಲು ಚಾಕುವಿನ ತೆಳು ತುದಿಗೆ ಹೋದರೂ ಒಂದೇ ಸೆಕೆಂಡಿನಲ್ಲಿ ಅಷ್ಟು ಬಿಸಿ ಏರಿಬಿಡುತ್ತದೆ. ಅಲಗಿನ ಮೈಯಲ್ಲಿ ಉಕ್ಕು ಜಾಸ್ತಿ, ಅದು ತಡೆದುಕೊಳ್ಳುತ್ತದೆ. ತುದಿಗೆ ಆ ತಾಕತ್ತಿಲ್ಲ.

ನಾನು ಹೆದರಿ ಮೆಲ್ಲಗೆ ಒತ್ತಿದೆ. ಅದೂ ತಪ್ಪೇ. ಸೆರಾಮಿಕ್ ಬೆಲ್ಟಿನ ಮೇಲಿನ ಉಜ್ಜುವ ಕಾಳುಗಳು ಒತ್ತಡಕ್ಕೆ ಚೂರಾಗಿ ಹೊಸ ಮೊನೆ ಬಿಡಬೇಕು. ಸುಮ್ನೆ ಸವರಿದರೆ ಅವೇ ನುಣುಪಾಗಿ, ಕೊರೆಯುವುದನ್ನು ಬಿಟ್ಟು ಬರೀ ತಿಕ್ಕುತ್ತವೆ. ಆಗ ಬಿಸಿ ಇನ್ನೂ ಹೆಚ್ಚು. ಗಟ್ಟಿಯಾಗಿ, ಕೊಂಚ ಹೊತ್ತು ಮಾತ್ರ ಒತ್ತಬೇಕು. ಬೆರಳಿಗೆ ಚುರುಕ್ ಅಂದ ಕೂಡಲೇ ನೀರಿಗೆ ಅದ್ದಬೇಕು. ಮೋಟಾರಿನ ವೇಗ ಇಳಿಸುವ ವಿಎಫ್‌ಡಿ ಇದ್ದರೆ ಹದ ಹಾಕಿದ, ಅಂದರೆ ಕಾಯಿಸಿ ತಣಿಸಿ ಗಡಸು ಮಾಡಿದ ಅಲಗಿಗೆ ಅದೇ ದೊಡ್ಡ ಉಪಕಾರ. ಮಿಕ್ಕ ಸಲಕರಣೆಗಳನ್ನು ಆಮೇಲೆ ಕೊಂಡರೂ ನಡೆಯುತ್ತದೆ, ಇದನ್ನು ಮೊದಲೇ ಕೊಳ್ಳಿ ಅಂತ ನನ್ನ ಅಭಿಪ್ರಾಯ.

ನನ್ನ ಬಳಿ ಅದಿರಲಿಲ್ಲ. ಕಣ್ಣೆದುರೇ ತುದಿಯಲ್ಲಿ ಮೊದಲು ಒಣಹುಲ್ಲಿನ ಬಣ್ಣ ಮೂಡಿತು, ಸುಮಾರು 220 ಡಿಗ್ರಿ. ಮರುಗಳಿಗೆಗೆ ಕಂದು. ನೀರಿನ ಡಬ್ಬಿಯ ಕಡೆ ತಿರುಗುವಷ್ಟರಲ್ಲಿ ನೀಲಿ, 300ರ ಆಸುಪಾಸು. ಅದು ಬಣ್ಣ ಬಳಿದದ್ದಲ್ಲ. ಬಿಸಿಗೆ ಉಕ್ಕಿನ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಬೆಳಕಿನ ಆಟ ಬದಲಾಗುತ್ತದೆ, ಸೋಪಿನ ಗುಳ್ಳೆಯ ಮೇಲಿನ ಬಣ್ಣದ ಹಾಗೆ. ಆ ಅಲಗನ್ನು ನಾನು 200 ಡಿಗ್ರಿಯಲ್ಲಿ ಹದ ಮಾಡಿದ್ದೆ, ಅದಕ್ಕಿಂತ ಜಾಸ್ತಿ ಬಿಸಿಯಾದರೆ ಉಕ್ಕು ಮೆತ್ತಗಾಗುತ್ತದೆ. ನೀಲಿ ಅಂದರೆ ಆ ಗಡಸುತನ ಅಲ್ಲಿಗೆ ಹೋಯಿತು ಅಂತಲೇ. ಬಣ್ಣವನ್ನು ಉಜ್ಜಿ ತೆಗೆಯಬಹುದು, ಗಡಸು ವಾಪಸ್ ಬರುವುದಿಲ್ಲ. ಮತ್ತೆ ಕುಲುಮೆಗೆ ಹಾಕಬೇಕು, ಇಲ್ಲವೇ ಅಷ್ಟನ್ನೂ ತೇಯ್ದು ಹಾಕಬೇಕು.

ತೇಯ್ದೆ. ಚಾಕು 6 ಮಿಲಿಮೀಟರ್ ಗಿಡ್ಡವಾಯಿತು.