ಫೋರ್ಕಿನಿಂದ ಎಣ್ಣೆ ಸೋರಿದರೆ ಮೊದಲು ಪೈಪಿಗೆ ಉಗುರು ತಾಗಿಸಿ ನೋಡಿ

"ಸೀಲ್ ಹಾಕಿಸಿ ಇಪ್ಪತ್ತು ದಿನ ಆಗಿಲ್ಲ, ಮತ್ತೆ ಎಣ್ಣೆ ಇಳಿಯುತ್ತಿದೆ. ಡುಪ್ಲಿಕೇಟ್ ಸೀಲ್ ಹಾಕಿ ಕಳಿಸಿದ್ದಾರೆ." ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಮಳೆಗಾಲದ ಕೊನೆಯಲ್ಲಿ ಬರುವ ಹಳೆಯ ಬೈಕುಗಳ ಮಾಲೀಕರು ಹೆಚ್ಚು ಕಡಿಮೆ ಇದೇ ಮಾತಿನಿಂದ ಶುರು ಮಾಡುತ್ತಾರೆ. ಅವರು ಹೇಳುವುದು ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳ ಒಳಗಿನ ಎಣ್ಣೆಯನ್ನು ತಡೆಯುವ ರಬ್ಬರ್ ಸೀಲಿನ ಬಗ್ಗೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಮಣ್ಣಿನ ದಾರಿಯಲ್ಲಿ ಓಡುವ ಗಾಡಿಗಳೇ ಬಹಳ. ಮಾರುಕಟ್ಟೆಯಲ್ಲಿ ಕಳಪೆ ಸೀಲ್ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮೂರು ಸಲ ಬದಲಿಸಿದರೂ ಅದೇ ಬದಿಯ ಕಾಲು ಸೋರುತ್ತಿದ್ದರೆ ಸೀಲನ್ನು ಬೈದು ಫಲವಿಲ್ಲ. ಪೈಪನ್ನು ನೋಡಬೇಕು. ಇಷ್ಟು ವರ್ಷಗಳಿಂದ ಇದೊಂದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಸೀಲಿನ ಒಳಬದಿಯಲ್ಲಿ ರಬ್ಬರಿನ ತೆಳುವಾದ ತುಟಿ ಇರುತ್ತದೆ. ಅದರ ಬೆನ್ನಿಗೆ ಬಳೆಯಂಥ ಒಂದು ಸಣ್ಣ ಸುರುಳಿ ಸ್ಪ್ರಿಂಗ್. ಆ ತುಟಿ ಕ್ರೋಮ್ ಪೈಪನ್ನು ಸುತ್ತಲೂ ಅಪ್ಪಿ ಹಿಡಿದು ಎಣ್ಣೆಯನ್ನು ಒಳಗೇ ತಡೆಯುತ್ತದೆ. ಗುಂಡಿಗೆ ಚಕ್ರ ಬಿದ್ದಾಗಲೆಲ್ಲ ಫೋರ್ಕಿನ ಕೆಳಗಿನ ಕೊಳವೆ, ಅಂದರೆ ಬಾಟಮ್ ಕೇಸ್ ಮೇಲೇರುತ್ತದೆ, ಅದರೊಂದಿಗೆ ಸೀಲೂ ಪೈಪಿನ ಮೇಲೆ ಜಾರುತ್ತದೆ. ಪೈಪ್ ನುಣುಪಾಗಿರುವವರೆಗೆ ತೊಂದರೆಯಿಲ್ಲ. ಕ್ರೋಮ್ ಎದ್ದು ಸಾಸಿವೆಕಾಳಿನಷ್ಟು ತುಕ್ಕಿನ ಕುಳಿ ಬಿದ್ದಿದ್ದರೂ ಅದರ ಅಂಚು ಆ ತುಟಿಯನ್ನು ಕಾನಸು ಹಿಡಿದು ಉಜ್ಜಿದಂತೆ ಸವೆಸುತ್ತದೆ. ಎಷ್ಟೇ ಒಳ್ಳೆಯ ಕಂಪನಿಯ ಸೀಲ್ ತನ್ನಿ, ಅದರ ಮೇಲೆ ಎಷ್ಟು ದಿನ ಬಾಳೀತು?

ಕಣ್ಣಿಗೆ ಕಾಣದ ಕುಳಿ ಉಗುರಿಗೆ ಸಿಗುತ್ತದೆ. ಪೈಪನ್ನು ಚೆನ್ನಾಗಿ ಒರೆಸಿ ಹೆಬ್ಬೆರಳಿನ ಉಗುರನ್ನು ಮೇಲಿನಿಂದ ಕೆಳಕ್ಕೆ, ಸುತ್ತಲೂ ಆಡಿಸಿ. ಎಲ್ಲಿ ತಡೆಯುತ್ತದೆಯೋ ಅಲ್ಲಿದೆ ರೋಗ. ಕುಳಿಯಿರುವ ಜಾಗವೂ ಮುಖ್ಯ. ಪೈಪಿಗೆ ಸೀಲಿನ ಮೇಲೆ ಒಂದು ದಾರ ಬಿಗಿಯಾಗಿ ಸುತ್ತಿ ಒಂದು ವಾರ ಗಾಡಿ ಓಡಿಸಿ. ದಾರ ಎಲ್ಲಿಯವರೆಗೆ ಏರಿ ನಿಲ್ಲುತ್ತದೆಯೋ ಅಲ್ಲಿಯವರೆಗೆ ಸೀಲ್ ಓಡಾಡುತ್ತದೆ ಎಂದರ್ಥ. ಅದಕ್ಕಿಂತ ಬಹಳ ಮೇಲೆ, ಎರಡೂ ಪೈಪುಗಳನ್ನು ಮೇಲೆ ಹಿಡಿದಿಡುವ ಟಿ-ಸ್ಟೆಮ್ಮಿನ ಹತ್ತಿರ ತುಕ್ಕಿದ್ದರೆ ನೋಡಲು ಕೆಟ್ಟದಾಗಿರಬಹುದು, ಸೋರಿಕೆಗೆ ಅದು ಕಾರಣವಲ್ಲ.

ಕಳೆದ ವರ್ಷ ಅಣ್ಣಿಗೇರಿ ಕಡೆಯ ಹಿರಿಯ ರೈತರೊಬ್ಬರು ತಮ್ಮ ಹಳೆಯ ಹೀರೋ ಹೋಂಡಾ ತಂದಿದ್ದರು. ಫೋರ್ಕಿನ ಎರಡೂ ಕಾಲಿಗೆ ಹರಕು ಧೋತರದ ತುಂಡು ಸುತ್ತಿ ಸುತಳಿಯಿಂದ ಬಿಗಿದಿದ್ದರು. "ತಮ್ಮಾ, ಎಣ್ಣೆ ಗಾಲಿಗೆ ಇಳಿಯಬಾರದೆಂದು ಕಟ್ಟಿದ್ದೇನೆ" ಎಂದರು. ಬಿಚ್ಚಿದೆ. ಒಳಗೆ ಎರೆಮಣ್ಣು ಎಣ್ಣೆಯಲ್ಲಿ ಕಲಸಿಕೊಂಡು ಕರೀ ಹಿಟ್ಟಿನಂತಾಗಿತ್ತು. ಅದನ್ನು ಒರೆಸಿದರೆ ಪೈಪಿನ ಮುಂಬದಿಯಲ್ಲಿ ಅಂಗುಲದುದ್ದ ತುಕ್ಕಿನ ಚುಕ್ಕೆಗಳು. ಮಳೆಯ ನೀರನ್ನೂ ಮಣ್ಣನ್ನೂ ಪೈಪಿಗೆ ಅಂಟಿಸಿ ಇಟ್ಟಿದ್ದೇ ಆ ಬಟ್ಟೆ. ಎಣ್ಣೆ ತಡೆಯಲು ಕಟ್ಟಿದ ಬಟ್ಟೆಯೇ ಸೀಲನ್ನು ತಿಂದಿತ್ತು. ನಾನು ಸಿಟ್ಟಿನಿಂದ ನಾಲ್ಕು ಮಾತು ಆಡಿದೆ. ಅವರು ಬೇಸರ ಮಾಡಿಕೊಳ್ಳದೆ, "ಯಾರೂ ಹೇಳಲಿಲ್ಲವಲ್ಲ" ಎಂದಷ್ಟೇ ಅಂದರು. ಆ ಮಾತು ಇನ್ನೂ ನನ್ನ ಮನಸ್ಸಿನಲ್ಲಿದೆ. ಅದಕ್ಕೂ ಮೊದಲು ಅವರಿಗೆ ಸೀಲ್ ಹಾಕಿಕೊಟ್ಟ ಮೂವರು ಮಿಸ್ತ್ರಿಗಳಲ್ಲಿ ಒಬ್ಬರಾದರೂ ಉಗುರು ಆಡಿಸಿ ತೋರಿಸಿದ್ದರೆ ಅವರ ಮೂರು ಸಲದ ದುಡ್ಡು ಉಳಿಯುತ್ತಿತ್ತು.

ಸೀಲನ್ನು ಬಿಚ್ಚುವ ಮೊದಲು ಪೈಪಿಗೂ ಸೀಲಿಗೂ ಎದುರುಬದುರಾಗಿ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿದ್ದೆ. ಹೊರಬಂದ ಸೀಲನ್ನು ಅವರ ಅಂಗೈಗೆ ಕೊಟ್ಟು, "ಕಾಕಾ, ತುಟಿ ಎಲ್ಲಿ ಹರಿದಿದೆ ನೋಡಿ, ಈಗ ಪೈಪಿನ ತುಕ್ಕು ನೋಡಿ" ಎಂದೆ. ಎರಡೂ ಒಂದೇ ನೇರಕ್ಕಿದ್ದವು. "ಹಾಗಾದರೆ ಪೈಪನ್ನು ತಿರುಗಿಸಿ ಕೂಡಿಸು, ತುಕ್ಕು ಹಿಂದಕ್ಕೆ ಹೋಗಲಿ" ಎಂದರು. ಎಷ್ಟೋ ಜನ ಇದನ್ನೇ ಕೇಳುತ್ತಾರೆ. ತುಟಿ ಸುತ್ತಲೂ ಇದೆ, ಮುಂದಿನದು ಉಳಿದರೆ ಹಿಂದಿನದು ಹರಿಯುತ್ತದೆ.

ಹಾಗೆಂದು ಸೋರಿದ್ದಕ್ಕೆಲ್ಲ ಪೈಪನ್ನು ಬದಲಿಸಬೇಕಿಲ್ಲ. ಪೈಪ್ ನುಣುಪಾಗಿದ್ದೂ ಸೋರುತ್ತಿದ್ದರೆ ತುಟಿಯ ಅಡಿಯಲ್ಲಿ ಧೂಳಿನ ಕಣ ಸಿಕ್ಕಿರಬಹುದು. ಸೀಲಿನ ಮೇಲೆ ಧೂಳು ತಡೆಯಲು ಇರುವ ಡಸ್ಟ್ ಸೀಲನ್ನು ಮೇಲೆತ್ತಿ, ಹಳೆಯ ಎಕ್ಸ್‌ರೇ ಹಾಳೆಯಿಂದ ತೆಳುವಾಗಿ ಕತ್ತರಿಸಿದ ಪಟ್ಟಿಯನ್ನು ತೂರಿಸಿ ಒಂದು ಸುತ್ತು ಎಳೆದರೆ ಕೆಲವೊಮ್ಮೆ ಅಷ್ಟಕ್ಕೇ ಸೋರಿಕೆ ನಿಲ್ಲುತ್ತದೆ. ಬ್ಲೇಡು, ಸ್ಕ್ರೂಡ್ರೈವರ್ ಮಾತ್ರ ತೂರಿಸಬೇಡಿ. ಸೂಜಿಮೊನೆಯಷ್ಟು ಕುಳಿಯಿದ್ದರೆ ನಯವಾದ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಅಂಚನ್ನಷ್ಟೇ ಇಳಿಸಿ, ಗಟ್ಟಿ ಎಪಾಕ್ಸಿ ತುಂಬಿ, ಪೈಪಿನ ಮಟ್ಟಕ್ಕೆ ಉಜ್ಜಿ ಕೆಲವು ಕಾಲ ಓಡಿಸಬಹುದು. ನಾನೂ ಮಾಡಿಕೊಡುತ್ತೇನೆ, ಗ್ಯಾರಂಟಿ ಮಾತ್ರ ಕೊಡುವುದಿಲ್ಲ. ಕುಳಿ ಆಳವಾಗಿದ್ದರೆ ಸಾಣೆ ಹಿಡಿಸಿ ಮರಳಿ ಹಾರ್ಡ್ ಕ್ರೋಮ್, ಅಂದರೆ ಗಟ್ಟಿ ಕ್ರೋಮ್ ಲೇಪ ಮಾಡಿಸಬೇಕು, ಇಲ್ಲವೇ ಹೊಸ ಪೈಪ್ ಹಾಕಬೇಕು. 1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100ರಂಥ ಗಾಡಿಗಳಿಗೆ ಮೂಲ ಪೈಪನ್ನೇ ಕ್ರೋಮ್ ಮಾಡಿಸುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ಪೈಪ್ ಬಾಗಿದ್ದರೆ ಆ ಲೆಕ್ಕವೇ ಬೇರೆ. ಗಾಜಿನ ಮೇಲೆ ಉರುಳಿಸಿ ನೋಡದೆ ಯಾವ ಮಿಸ್ತ್ರಿಯೂ ಮಾತು ಕೊಡಬಾರದು.

ಎಣ್ಣೆಯ ವಿಷಯದಲ್ಲೂ ಒಂದು ಹಟ ನೋಡುತ್ತೇನೆ. ಮೆಣಸಿನಕಾಯಿ ಚೀಲ ಹೇರುವವರು "ಸ್ವಲ್ಪ ಜಾಸ್ತಿ ಸುರಿ, ಮುಂದೆ ಗಟ್ಟಿಯಾಗಲಿ" ಎನ್ನುತ್ತಾರೆ. ಭಾರ ಹೊರುವುದು ಫೋರ್ಕಿನೊಳಗಿನ ದೊಡ್ಡ ಸ್ಪ್ರಿಂಗ್. ಎಣ್ಣೆಯ ಕೆಲಸ ಸಣ್ಣ ತೂತುಗಳಲ್ಲಿ ನುಸುಳುತ್ತ ಸ್ಪ್ರಿಂಗಿನ ಕುಣಿತವನ್ನು ತಡೆಯುವುದು. ಎಣ್ಣೆ ಹೆಚ್ಚಾದಷ್ಟೂ ಅದರ ಮೇಲಿನ ಗಾಳಿಯ ಜಾಗ ಕಿರಿದಾಗುತ್ತದೆ. ಗುಂಡಿಗೆ ಬಿದ್ದಾಗ ಆ ಗಾಳಿ ಅರ್ಧ ಜಾಗಕ್ಕೆ ಕುಗ್ಗಿದರೆ ಅದರ ಒತ್ತಡ ಇಮ್ಮಡಿಯಾಗುತ್ತದೆ, ಆ ಒತ್ತಡ ನೇರವಾಗಿ ಸೀಲನ್ನೇ ತಳ್ಳುತ್ತದೆ. ಆದ್ದರಿಂದ ಕಂಪನಿ ಹೇಳಿದ ದರ್ಜೆಯ ಫೋರ್ಕ್ ಆಯಿಲನ್ನು ಅಳತೆಯ ಲೋಟದಲ್ಲಿ ಎರಡೂ ಕಾಲಿಗೆ ಸಮನಾಗಿ ಹಾಕಿಸಿ. ಬಾಟಲಿಯಿಂದ ಅಂದಾಜಿನಲ್ಲಿ ಸುರಿಯುವವರನ್ನು ಕೈ ಹಿಡಿದು ನಿಲ್ಲಿಸಿ.

ಮುಂದೆ ಡಿಸ್ಕ್ ಬ್ರೇಕ್ ಇರುವ ಗಾಡಿ ಸೋರುತ್ತಿದ್ದರೆ ನಾಳೆ ನೋಡೋಣವೆನ್ನಬೇಡಿ. ಎಣ್ಣೆ ಡಿಸ್ಕಿಗೆ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ. ಎಣ್ಣೆ ಕುಡಿದ ಪ್ಯಾಡನ್ನು ತೊಳೆದು ಹಾಕಿಸಿಕೊಳ್ಳಬೇಡಿ, ಬದಲಿಸಿ.

ಕಾಕಾ ಅವರ ಗಾಡಿಗೆ ಎರಡು ಹೊಸ ಪೈಪ್ ಹಾಕಿದೆ. ಹಳೆಯ ಪೈಪುಗಳನ್ನು ಅದೇ ಧೋತರದ ತುಂಡಿನಲ್ಲಿ ಸುತ್ತಿಕೊಂಡು, ಊರಿನಲ್ಲಿ ನಾಲ್ಕು ಜನರಿಗೆ ಉಗುರು ತಾಗಿಸಿ ತೋರಿಸುತ್ತೇನೆಂದು ಒಯ್ದರು.